ಪಳ್ಳಿ: ಒಂದು ಶಬ್ದದ ಮೇಲೆ ಹಕ್ಕು ಯಾರಿಗೆ?

ಕೊಡಗಿನಲ್ಲಿ ಕೊಡವ ಭಾಷೆಯವರು 'ಪಳ್ಳಿ' ಎಂದರೆ ಮಸೀದಿ ಎಂದು ತಿಳಿಯುತ್ತಾರೆ. ಅಲ್ಲಿನ ಮಾಪಿಳ್ಳೆ ಬಾಂಧವರ ಮಲಯಾಳದಲ್ಲಿಯೂ ಅದೇ ಅರ್ಥ. ಅದೇ ಜಿಲ್ಲೆಯ ಸೋಮವಾರಪೇಟೆಯ ಕಡೆಗೆ ಬಂದರೆ ಅಲ್ಲಿನ ಕನ್ನಡದಲ್ಲಿ ಈ ಶಬ್ದವು 'ಹಳ್ಳಿ'ಯಾಗಿ, ಗೌಡಳ್ಳಿಯಂತಹ ಊರ ಹೆಸರುಗಳ ಕೊನೆಯಲ್ಲಿ ಕುಳಿತಿದೆ. ಕೇರಳದಲ್ಲಿ ಕ್ರೈಸ್ತರ ಇಗರ್ಜಿಯೂ ಪಳ್ಳಿಯೇ. ತಮಿಳುನಾಡಿನಲ್ಲಿ ಮಕ್ಕಳು ಓದಲು ಹೋಗುವ ಶಾಲೆ ಪಳ್ಳಿ. ಇವೆಲ್ಲಕ್ಕೂ ಹಿಂದೆ, ಎರಡು ಸಾವಿರ ವರ್ಷಗಳಿಗೂ ಮೊದಲು, ಇದೇ ಶಬ್ದವು ಜೈನ ಮುನಿಗಳ ವಸತಿಗೆ ಸಲ್ಲುತ್ತಿತ್ತು. ಈ ಸಂಗತಿಯನ್ನು ಅರಿತ ಶ್ರಾವಕನಿಗೆ ಸಹಜವಾಗಿ ಅಭಿಮಾನ ಉಂಟಾಗುತ್ತದೆ. ಅಭಿಮಾನದ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ. ಮೊದಲು ನಮ್ಮದಾಗಿದ್ದ ಶಬ್ದವು ಈಗಲೂ ನಮ್ಮದೇ? ಮೊದಲು ಬಳಸಿದವನಿಗೆ ಹಕ್ಕೋ, ಈಗ ಬಳಸುತ್ತಿರುವವನಿಗೆ ಹಕ್ಕೋ?

ಶಬ್ದದ ಚರಿತ್ರೆಯನ್ನು ಮೊದಲು ನೋಡೋಣ. ಪಳ್ಳಿ ದ್ರಾವಿಡ ಭಾಷೆಗಳ ಪ್ರಾಚೀನ ಶಬ್ದ. ನೆಲೆಸುವ ಎಡೆ, ಮಲಗುವ ಎಡೆ ಎಂಬ ಎರಡು ಅರ್ಥಗಳೂ ಅದರಲ್ಲಿ ಕೂಡಿವೆ. ತಮಿಳಿನಲ್ಲಿ ಪಳ್ಳಿಗೊಳ್ಳುವುದೆಂದರೆ ಶಯನಿಸುವುದು. ಶಿವಾಲಯಗಳಲ್ಲಿ ದೇವರ ಶಯನಗೃಹಕ್ಕೆ ಪಳ್ಳಿಯರೆ ಎಂದು ಹೆಸರು. ಮಧುರೆಯ ಸಮೀಪದ ಮಾಂಗುಳಂ ಬೆಟ್ಟದ ಗುಹೆಗಳಲ್ಲಿ ಮುನಿಗಳಿಗಾಗಿ ಕಲ್ಲಿನಲ್ಲಿಯೇ ಕಡೆದ ಹಾಸುಗೆಗಳಿವೆ. ಕ್ರಿ.ಪೂ. 2ನೆಯ ಶತಮಾನದವೆಂದು ವಿದ್ವಾಂಸರು ಹೇಳುವ ಅಲ್ಲಿನ ತಮಿಳು ಬ್ರಾಹ್ಮೀ ಶಾಸನಗಳು, ನಂದನೆಂಬ ಹಿರಿಯ ಮುನಿಗೆ ಆ ಪಳ್ಳಿಯನ್ನು ಮಾಡಿಸಿಕೊಟ್ಟವರನ್ನು ಸ್ಮರಿಸುತ್ತವೆ. ದಾನಿಗಳಲ್ಲಿ ರಾಜಪರಿವಾರದವರೊಂದಿಗೆ ವೆಳ್ಳರೈ ಎಂಬ ಊರಿನ ವರ್ತಕ ಸಂಘದವರೂ ಇದ್ದಾರೆ. ಮನೆಯನ್ನು ತೊರೆದವನು ಮಲಗಿದ ಬಂಡೆಯೇ ಮೊದಲ ಪಳ್ಳಿ. ಅದನ್ನು ನಯಗೊಳಿಸಿಕೊಟ್ಟವರು ಮನೆ ಮಾರು, ವ್ಯಾಪಾರಗಳಲ್ಲಿ ಮುಳುಗಿದ್ದ ಗೃಹಸ್ಥರು. ಕನ್ನಡದ 'ಬಸದಿ'ಯೂ ಸಂಸ್ಕೃತದ 'ವಸತಿ'ಯಿಂದ ಬಂದುದೇ. ಎರಡು ಶಬ್ದಗಳೂ ವಾಸದ ಎಡೆಯನ್ನೇ ಹೇಳುತ್ತವೆ.

ಮುಂದೆ ಶಬ್ದವು ಕವಲೊಡೆಯಿತು. ಮುನಿಗಳು ತಂಗಿದಲ್ಲಿ ವಿದ್ಯಾದಾನ ನಡೆದುದರಿಂದ ಅದು ಶಾಲೆಯ ಹೆಸರಾಯಿತೆಂಬುದು ಅನೇಕರ ಅಭಿಪ್ರಾಯ. ಚೋಳರ ಕಾಲದಲ್ಲಿ ಜೈನ, ಬೌದ್ಧ ಸಂಸ್ಥೆಗಳಿಗೆ ಬಿಟ್ಟ ಭೂಮಿಗೆ ಪಳ್ಳಿಚ್ಚಂದಂ ಎಂಬ ಹೆಸರಿತ್ತು. ಕನ್ಯಾಕುಮಾರಿ ಜಿಲ್ಲೆಯ ಚಿದರಾಲ್ ಬೆಟ್ಟದ ಜಿನಬಿಂಬಗಳಿರುವ ಎಡೆಯು ತಿರುಚ್ಚಾರಣತ್ತು ಪಳ್ಳಿ ಎನಿಸಿತ್ತು. ಕಾಲಾಂತರದಲ್ಲಿ ಅದು ಭಗವತಿಯ ಗುಡಿಯಾಯಿತು. ಮಲಯಾಳದಲ್ಲಿ ಜೈನ ಬೌದ್ಧರ ಪ್ರಾರ್ಥನಾ ಸ್ಥಳಕ್ಕೆ ಸಲ್ಲುತ್ತಿದ್ದ ಹೆಸರು ಸಮುದ್ರದಾಚೆಯಿಂದ ಬಂದ ಯಹೂದ್ಯ, ಕ್ರೈಸ್ತ, ಮುಸಲ್ಮಾನ ಧರ್ಮಗಳ ಮಂದಿರಗಳಿಗೂ ಸಂದಿತು. ಕನ್ನಡದಲ್ಲಿ ಪಕಾರವು ಹಕಾರವಾಗಿ, ಪಾಲು ಹಾಲಾದಂತೆ ಪಳ್ಳಿ ಹಳ್ಳಿಯಾಯಿತು. ದನಗಾಹಿಗಳ, ಒಕ್ಕಲಿಗರ ಸಣ್ಣ ನೆಲೆಗಳಿಗೂ ಆ ಹೆಸರು ಮೊದಲಿನಿಂದ ಇತ್ತು. ಆದುದರಿಂದ ಹೆಸರಿನಲ್ಲಿ ಹಳ್ಳಿ ಎಂದಿರುವ ಊರುಗಳೆಲ್ಲವೂ ಒಂದು ಕಾಲಕ್ಕೆ ಜೈನಕೇಂದ್ರಗಳಾಗಿದ್ದವೆಂದು ವಾದಿಸುವುದು ಅಭಿಮಾನದ ಮಾತಾದೀತೇ ಹೊರತು ಸತ್ಯದ ಮಾತಾಗಲಾರದು. ಸತ್ಯಾಣುವ್ರತವು ಚರಿತ್ರೆಯನ್ನು ಹೇಳುವಾಗಲೂ ಅನ್ವಯಿಸುತ್ತದೆ.

ಕೊಡಗಿನಲ್ಲಿ ಜೈನಧರ್ಮ ಇದ್ದುದಕ್ಕೆ ಶಬ್ದದ ಊಹೆ ಬೇಕಿಲ್ಲ, ಶಾಸನಗಳೇ ಇವೆ. ಶಕವರ್ಷ 809, ಅಂದರೆ ಕ್ರಿ.ಶ. 888ರ ಬಿಳಿಯೂರು ಶಾಸನದ ಪ್ರಕಾರ ಗಂಗರ ಸತ್ಯವಾಕ್ಯ ಪೆರ್ಮಾನಡಿಯು ಪೆಣ್ಣೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಸರ್ವನಂದಿ ಮುನಿಗಳಿಗೆ ದತ್ತಿ ಬಿಟ್ಟನು. ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ 11ನೆಯ ಶತಮಾನದ ಕೊಂಗಾಳ್ವ ಅರಸರು, ರಾಣಿ ಪೋಚಬ್ಬರಸಿ, ಗುರು ಗುಣಸೇನ ಪಂಡಿತರು ಇವರ ನೆನಪನ್ನು ಹೊತ್ತ ಬಸದಿಗಳು ಇಂದಿಗೂ ನಿಂತಿವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶಬ್ದ ಮತ್ತು ಅರ್ಥಗಳ ಸಂಬಂಧವನ್ನು ಬಿಡಿಸಿ ನೋಡಲು ನಮ್ಮ ಆಚಾರ್ಯರು ಒಂದು ಉಪಾಯವನ್ನು ಕೊಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿಯೇ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳು ಹೇಳಲ್ಪಟ್ಟಿವೆ. ಗುಣವಿಲ್ಲದಿದ್ದರೂ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮ. ಒಂದನ್ನು ಇನ್ನೊಂದರಲ್ಲಿ ಆರೋಪಿಸುವುದು ಸ್ಥಾಪನೆ. ಹಿಂದೆ ಆಗಿದ್ದುದು ಅಥವಾ ಮುಂದೆ ಆಗಲಿರುವುದು ದ್ರವ್ಯ. ಈಗ, ಈ ಕ್ಷಣದಲ್ಲಿ, ಆ ಗುಣದಿಂದ ಕೂಡಿರುವುದು ಭಾವ. ಈ ಅಳತೆಯಿಂದ ನೋಡಿದರೆ ಗೌಡಳ್ಳಿಯಲ್ಲಿರುವುದು ನಾಮಪಳ್ಳಿ. ಮಾಂಗುಳಂ ಗುಹೆಯು ದ್ರವ್ಯಪಳ್ಳಿ. ಹಿಂದೆ ಅಲ್ಲಿ ಮುನಿಗಳಿದ್ದರು, ಇಂದು ಇಲ್ಲ. ಭಾವಪಳ್ಳಿ ಎಲ್ಲಿದೆ ಎಂಬುದನ್ನು ಮಾತ್ರ ನಕ್ಷೆಯಲ್ಲಿ ಹುಡುಕಿ ಹೇಳಲು ಬಾರದು. ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡಿಯೇ ಹೇಳಬೇಕು.

ನಯಗಳಲ್ಲಿ ಕೊನೆಯದಾದ ಏವಂಭೂತನಯವು ಇನ್ನೂ ಕಠಿಣವಾದುದು. ಶಬ್ದವು ಯಾವ ಕ್ರಿಯೆಯನ್ನು ಸೂಚಿಸುತ್ತದೆಯೋ ಆ ಕ್ರಿಯೆ ನಡೆಯುತ್ತಿರುವಾಗ ಮಾತ್ರ ಆ ಶಬ್ದ ಸಲ್ಲುತ್ತದೆ ಎಂಬುದು ಅದರ ನಿಲುವು. ನಡೆಯುವುದರಿಂದ 'ಗೋ' ಎಂಬ ಹೆಸರಾದರೆ, ಮಲಗಿರುವ ಹಸುವಿಗೆ ಆ ಹೆಸರು ಸಲ್ಲದು. ಈ ನಯದ ಪ್ರಕಾರ, ಸಂಯಮಿಗಳಿಗೆ ಆಶ್ರಯ, ಮಕ್ಕಳಿಗೆ ವಿದ್ಯೆ, ಶ್ರಾವಕರಿಗೆ ಸ್ವಾಧ್ಯಾಯ ದೊರೆಯುತ್ತಿರುವಷ್ಟು ಹೊತ್ತು ಮಾತ್ರ ಒಂದು ಕಟ್ಟಡ ಬಸದಿ ಎನಿಸುತ್ತದೆ. ವರ್ಷಕ್ಕೊಮ್ಮೆ ಅಭಿಷೇಕದ ದಿನ ತೆರೆದು ಉಳಿದ ದಿನ ಬೀಗ ಜಡಿದ ಬಸದಿಯ ಗತಿಯೇನು? ಲೆಕ್ಕದ ಪುಸ್ತಕದಲ್ಲಿ ಖಾತೆಯ ಶಿರೋನಾಮೆ ದಪ್ಪ ಅಕ್ಷರದಲ್ಲಿದ್ದು, ಕೆಳಗೆ ಜಮಾ ಖರ್ಚಿನ ಒಂದು ಸಾಲೂ ಇಲ್ಲದಿದ್ದರೆ ವ್ಯಾಪಾರಿಯು ಆ ಖಾತೆ ನಡೆಯುತ್ತಿದೆ ಎನ್ನುವನೇ? ಅತ್ತ, ನಮ್ಮ ಪುರಾತನ ಶಬ್ದದಿಂದಲೇ ಕರೆಯಲ್ಪಡುವ ಅನ್ಯಧರ್ಮೀಯರ ಪಳ್ಳಿಯಲ್ಲಿ ದಿನಕ್ಕೆ ಐದು ಸಲ ಜನ ಕೂಡುತ್ತಾರೆ. ತಮಿಳರ ಪಳ್ಳಿಯಲ್ಲಿ ಮಕ್ಕಳ ಧ್ವನಿ ಕೇಳುತ್ತದೆ. ಶಬ್ದವು ತನ್ನ ಅರ್ಥ ಜೀವಂತವಾಗಿರುವಲ್ಲಿಗೆ ಹೋಗಿ ನೆಲೆಸಿದೆ.

ಹಾಗೆಂದು ಹಳೆಯದನ್ನು ಮರೆತುಬಿಡಬೇಕೆಂದು ಅರ್ಥವಲ್ಲ. ಮರೆವು ಒಂದು ದೋಷ, ಸ್ವಾಮ್ಯದ ಹಟ ಇನ್ನೊಂದು ದೋಷ. ಪರಿಗ್ರಹವು ಹೊಲ, ಹೊನ್ನುಗಳಿಗಷ್ಟೇ ಸೀಮಿತವಲ್ಲ. 'ಇದು ನನ್ನದು' ಎಂಬ ಮೂರ್ಛೆಯೇ ಪರಿಗ್ರಹ, ಶಬ್ದದ ಮೇಲೆ ಅದು ಉಂಟಾದರೂ ಪರಿಗ್ರಹವೇ. ಹೆಸರನ್ನು ಆಧಾರ ಮಾಡಿಕೊಂಡು ನೆರೆಯವರ ಪ್ರಾರ್ಥನಾ ಸ್ಥಳದತ್ತ ಬೆರಳು ತೋರುವುದು ಅಹಿಂಸಾಧರ್ಮಿಗಳಿಗೆ ಒಪ್ಪುವ ಮಾತಲ್ಲ. ಅನೇಕಾಂತವನ್ನು ಬಾಯಿಯಲ್ಲಿ ಹೇಳಿ, ಒಂದು ಶಬ್ದಕ್ಕೆ ಒಂದೇ ಅರ್ಥವೆಂದು ಪಟ್ಟುಹಿಡಿಯುವುದೂ ಸಲ್ಲದು.

ಬಸದಿಗಳ ಆಡಳಿತ ಮಂಡಲಿಗಳು ಮಾಡಬಹುದಾದ ಕಾರ್ಯ ಬೇರೆಯೇ ಇದೆ. ತಮ್ಮ ಬಸದಿಯ ಶಾಸನವನ್ನು ಓದಿಸಿ, ಅದರ ಸಾರಾಂಶವನ್ನು ಸರಳ ಕನ್ನಡದಲ್ಲಿ ಬಾಗಿಲ ಬಳಿ ಬರೆಸಲಿ. ವಾರಕ್ಕೊಂದು ದಿನವಾದರೂ ಮಕ್ಕಳಿಗೆ ಪಾಠ, ಹಿರಿಯರಿಗೆ ಸ್ವಾಧ್ಯಾಯ ನಡೆಯಲಿ. ವಿಹಾರದಲ್ಲಿರುವ ತ್ಯಾಗಿಗಳಿಗೆ ತಂಗಲು ಒಂದು ಶುದ್ಧವಾದ ಕೋಣೆ ಸಿದ್ಧವಿರಲಿ. ವೆಳ್ಳರೈಯ ವರ್ತಕರು ಮಾಡಿದ್ದು ಇಷ್ಟೇ: ಒಬ್ಬ ಮುನಿಯು ಮಲಗಲು ಕಲ್ಲನ್ನು ಸಮಮಾಡಿಕೊಟ್ಟರು. ಅಂತಹ ಸೇವೆ ಮತ್ತೆ ನಡೆದಲ್ಲಿ, ಯಾವ ಹೆಸರಿನಿಂದ ಕರೆದರೂ, ಆ ಎಡೆಯು ಪಳ್ಳಿಯೇ ಆಗುತ್ತದೆ.