ಅಮ್ಮ ಎಲ್ಲಿ ಕೂತ್ಕೋಬೇಕು?

ಸಂಕ್ರಾಂತಿ ಮುಗಿಸ್ಕೊಂಡು ಅಮ್ಮ ನಾಗಲಮಡಿಕೆಯಿಂದ ನಮ್ಮ ಬೆಂಗಳೂರಿನ ಒನ್ ಬಿಎಚ್‌ಕೆಗೆ ಬಂದಳು. ಜೊತೆಗೆ ಒಂದು ಚೀಲ ಕಡ್ಲೆಕಾಯಿ. ಮನೆಯನ್ನೆಲ್ಲ ಒಂದು ಸುತ್ತು ನೋಡಿ, "ಚೆನ್ನಾಗೈತಪ್ಪ. ನಾನು ಎಲ್ಲಿ ಕೂತ್ಕಳ್ಳಿ?" ಅಂದಳು.

ಸೋಫಾ ತೋರಿಸಿದೆ. ಕಾಯಿ ಬಿಡಿಸೋಕೆ ಶುರು ಮಾಡಿದ್ದೇ ತಡ, "ಅಮ್ಮ, ಸಿಪ್ಪೆ ಬೀಳುತ್ತೆ" ಅಂದೆ. ಸುಮ್ಮನೆ ಎದ್ದುಹೋಗಿ, ವಾಷಿಂಗ್ ಮಷೀನ್ ಪಕ್ಕ ಬಕೆಟ್ ಬೋರಲು ಹಾಕ್ಕೊಂಡು ಕೂತಳು. ನಮ್ಮ ಹಾಲ್ 120 ಚದರಡಿ. ಅದರಲ್ಲಿ ಸೋಫಾಗೇ 21 ಚದರಡಿ. ತಿಂಗಳಿಗೊಮ್ಮೆ ಬರೋ ನೆಂಟರಿಗೆ ಅಷ್ಟು ಜಾಗ, ಹೆತ್ತವಳಿಗೆ ಬಟ್ಟೆ ಒಗೆಯೋ ಮೂಲೆ.

1900ರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಒಂದು ಕುಚೋದ್ಯದ ಕಥೆ ಬರೆದಿದ್ದ. ಶ್ರೀಮಂತನೊಬ್ಬ ಮನೆಯಲ್ಲಿರೋ ಪ್ರತಿಯೊಂದನ್ನೂ ವಿನ್ಯಾಸ ಮಾಡಿಸ್ತಾನೆ. ಒಂದಿನ ವಾಸ್ತುಶಿಲ್ಪಿ ಬಂದು ಅವನ ಮೇಲೇ ಸಿಡುಕ್ತಾನೆ: ಆ ಚಪ್ಪಲಿ ಮಲಗೋ ಕೋಣೆಗೆ ಅಂತ ಮಾಡಿದ್ದು, ಇಲ್ಲಿ ಯಾಕೆ ಹಾಕ್ಕೊಂಡಿದೀರಿ? ಓದಿದಾಗ ನಕ್ಕಿದ್ದೆ. ನಮ್ಮನೇಲಿ ಹಾಗೆ ಸಿಡುಕಿದವನು ನಾನೇ.

ಹಾಗಾದ್ರೆ ಜನ ಹೇಗೆ ಬದುಕ್ತಾರೋ ಹಾಗೇ ಮನೆ ಮಾಡಿದ್ರೆ ಸರಿಹೋಗುತ್ತಾ? ಊರಿನ ನಮ್ಮ ಮಾಳಿಗೆ ಮನೆ ಹಾಗೇ ಇತ್ತಲ್ಲ. ಜಗಲಿ ಗಂಡಸರದ್ದು. ಕೆಲವು ಜಾತಿಯವರು ಆ ಜಗಲಿ ದಾಟಿ ಒಳಗೆ ಬರುವಂತಿರಲಿಲ್ಲ. ಅಮ್ಮ ಒಲೆ ಹೊಗೆಯಲ್ಲಿ ಬೆಂದು, ಎಲ್ಲರೂ ಉಂಡ ಮೇಲೆ ಉಣ್ಣೋಳು. ಅದೂ ಜನ ನಿಜವಾಗಿ ಬದುಕಿದ ರೀತಿಯೇ. ಆ ಮನೆಯ ಗೋಡೆಗಳು ಅದನ್ನ ಇನ್ನಷ್ಟು ಗಟ್ಟಿ ಮಾಡಿದ್ವು ಅಷ್ಟೇ.

ಅಂದ್ರೆ ಅಭ್ಯಾಸವನ್ನ ನೋಡಿ ಅಳತೆ ತಗೊಂಡ್ರೆ ಸಾಲದು. ಅದು ಅವರು ಇಷ್ಟಪಟ್ಟಿದ್ದಾ, ಬೇರೆ ದಾರಿಯಿಲ್ಲದೆ ಒಗ್ಗಿಸಿಕೊಂಡಿದ್ದಾ ಅಂತ ತಿಳ್ಕೋಬೇಕು.

ಇಷ್ಟೆಲ್ಲ ಯೋಚಿಸಿ ನಾನು ಮಾಡಿದ್ದೇನು? ಸೋಫಾ ಮಾರಿ ಚಾಪೆ ಹಾಸಿದೆ. ಹಳ್ಳಿಯವಳು, ನೆಲವೇ ಇಷ್ಟ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ. ಅಮ್ಮ ನಕ್ಕಳು. "ಮಂಡಿ ನೋವು ಕಣಪ್ಪ, ನೆಲದ ಮ್ಯಾಲೆ ಕೂತ್ರೆ ಏಳಾಕಾಗಲ್ಲ. ಅಡುಗೆಮನೆ ಬಾಗಿಲತ್ರ ಒಂದು ಕುರ್ಚಿ ಹಾಕು. ನೀನು ಸಾರು ಮಾಡ್ತಿರು, ನಾನು ಮಾತಾಡ್ತಾ ಕಾಯಿ ಬಿಡಿಸ್ತೀನಿ."

ಈಗ ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇದೆ, ಪಕ್ಕದಲ್ಲಿ ಸಿಪ್ಪೆ ಹಾಕೋಕೆ ಅದೇ ಬಕೆಟ್. ಫೋಟೋಗೆ ಚೆನ್ನಾಗಿ ಕಾಣಲ್ಲ, ನಿಜ. ಆದರೆ ಅವಳು ಮೊದಲ ದಿನವೇ ಕೇಳಿದ್ದ ಪ್ರಶ್ನೆಗೆ ಇಷ್ಟು ದಿನ ನಾನೇ ಉತ್ತರ ಹೇಳ್ತಿದ್ದೆ, ಅವಳನ್ನ ಕೇಳಿರಲಿಲ್ಲ.

ನಿಮ್ಮನೇಲಿ ಬಕೆಟ್ ಮೇಲೆ ಕೂತಿರೋರು ಯಾರು?