ಒಂದು ಅಂಕಿಯ ಋಣ

ಸುಳ್ಳು ಹೇಳುವುದು ತಪ್ಪು ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಯಾರಿಗೂ ತಿಳಿಯದ, ಯಾರಿಗೂ ಕೆಡುಕು ಮಾಡದ, ಒಂದು ಅಂಕಿಯಷ್ಟೇ ಉದ್ದದ ಸುಳ್ಳೂ ತಪ್ಪೆ? ಈ ಪ್ರಶ್ನೆ ಬಹಳ ವರ್ಷಗಳಿಂದ ನನ್ನ ಮನಸ್ಸಿನ ಮೂಲೆಯಲ್ಲಿ ಬಿದ್ದುಕೊಂಡಿತ್ತು. ಅದು ಎದ್ದು ಕುಳಿತು ಉತ್ತರ ಕೇಳಿದ್ದು ಸ್ವೀಡನ್ ದೇಶದ ಉತ್ತರದ ತುದಿಯಲ್ಲಿರುವ ಅಬಿಸ್ಕೊ ಎಂಬ ಪುಟ್ಟ ಊರಿನಲ್ಲಿ.

ಸ್ಟಾಕ್‌ಹೋಮಿನಲ್ಲಿ ಕೆಲಸದಲ್ಲಿರುವ ಮಗನನ್ನು ನೋಡಲು ಹೋಗಿದ್ದೆ. ಆಕಾಶದ ಉತ್ತರಪ್ರಭೆಯನ್ನು ತೋರಿಸುತ್ತೇನೆಂದು ಅವನು ಒಂದು ಸಂಜೆ ನನ್ನನ್ನು ರೈಲಿನಲ್ಲಿ ಕೂರಿಸಿಕೊಂಡು ಹೊರಟ. ಆ ಬೆಳಕನ್ನು ಕಂಡದ್ದೂ ಆಯಿತು. ಅದನ್ನು ವರ್ಣಿಸಲು ನನಗಿಂತ ಬಲ್ಲವರಿದ್ದಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಅಲ್ಲಿನ ಸಂಶೋಧನಾ ಕೇಂದ್ರ.

ಅಬಿಸ್ಕೊ ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿಲೋಮೀಟರು ಉತ್ತರಕ್ಕಿದೆ. ಡಿಸೆಂಬರಿನಲ್ಲಿ ಕೆಲವು ವಾರ ಅಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ಜೂನಿನಲ್ಲಿ ಮುಳುಗುವುದೇ ಇಲ್ಲ. ಕಿರುನಾದ ಕಬ್ಬಿಣದ ಅದಿರನ್ನು ನಾರ್ವಿಕ್ ಬಂದರಿಗೆ ಸಾಗಿಸಲು ರೈಲುದಾರಿ ಹಾಕಿದ ಮೇಲೆ, ಅದರ ಬೆನ್ನಿಗೇ ವಿಜ್ಞಾನಿಗಳೂ ಬಂದರು. 1903ರಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಮೊದಲ ಕೇಂದ್ರ ಆರಂಭವಾಯಿತು. 1910ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಅವರು ಕೈಕಟ್ಟಿ ಕೂರಲಿಲ್ಲ. ಟೋರ್ನೆ ಸರೋವರದ ದಡದಲ್ಲಿ, ಅಬಿಸ್ಕೊದಲ್ಲಿ, ಹೊಸ ಕೇಂದ್ರ ಕಟ್ಟಿದರು. 1913ರಿಂದ ಅಲ್ಲಿ ಪ್ರತಿದಿನದ ಹವೆಯ ಲೆಕ್ಕವಿದೆ. ಉಷ್ಣತೆ ಎಷ್ಟು, ಮಳೆ ಹಿಮ ಎಷ್ಟು, ಸರೋವರ ಯಾವಾಗ ಹೆಪ್ಪುಗಟ್ಟಿತು, ಯಾವಾಗ ಕರಗಿತು, ಎಲ್ಲವೂ ಬರೆದಿದೆ. 1940ರಲ್ಲಿ ಅದೇ ರೈಲುದಾರಿಯ ಕೊನೆಯಾದ ನಾರ್ವಿಕ್‌ನಲ್ಲಿ ಯುದ್ಧ ನಡೆದಾಗಲೂ ಇಲ್ಲಿ ಅಂಕಿಗಳು ಸಾಲುಗಟ್ಟುತ್ತಲೇ ಇದ್ದವು.

ಕೇಂದ್ರವನ್ನು ತೋರಿಸಿದ ಹೆಂಗಸು ಹಿಮದಲ್ಲಿ ನೆಟ್ಟ ಬಿಳಿಯ ಪೆಟ್ಟಿಗೆಯೊಂದರ ಮುಂದೆ ನಿಂತರು. ಈಗ ಬಹಳಷ್ಟನ್ನು ಯಂತ್ರಗಳೇ ಬರೆದುಕೊಳ್ಳುತ್ತವೆ. ಹಿಂದೆ ಮನುಷ್ಯನೇ ಹೋಗಿ ನೋಡಿ ಬರೆಯಬೇಕಿತ್ತು ಎಂದರು. "ಹಿಮಗಾಳಿ ಎದ್ದು ಹೊರಗೆ ಹೋಗಲಾಗದಿದ್ದರೆ ಏನು ಮಾಡಬೇಕು?" ಎಂದು ಕೇಳಿದೆ. "ಖಾಲಿ ಬಿಡಬೇಕು. ಊಹಿಸಿ ಬರೆಯುವ ಹಾಗಿಲ್ಲ" ಎಂದರು. ಅವರ ಪಾಲಿಗೆ ಅದು ತೀರ ಸಾಮಾನ್ಯವಾದ ಮಾತು. ನನಗೆ ಮಾತ್ರ ಆ ಚಳಿಯಲ್ಲಿಯೂ ಕಿವಿ ಬಿಸಿಯಾಯಿತು.

ಕಾರಣವಿಷ್ಟು. ನನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಲೆನಾಡಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯ ಹಿಂದಿನ ಬಯಲಿನಲ್ಲಿ ಒಂದು ಮಳೆಮಾಪಕವಿತ್ತು. ದಿನವೂ ಬೆಳಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ನೋಡಿ, ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಆಷಾಢದ ಒಂದು ಬೆಳಗ್ಗೆ ಮಳೆ ಹೇಗೆ ಸುರಿಯುತ್ತಿತ್ತೆಂದರೆ ಎದುರಿನ ಮರ ಕಾಣುತ್ತಿರಲಿಲ್ಲ. ಬಯಲಿಗೆ ಹೋಗುವ ದಾರಿಯಲ್ಲಿ ಮೊಣಕಾಲುದ್ದ ನೀರು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಒಳಗೆ ಬಂದು ಹಿಂದಿನ ದಿನದ ಅಂಕಿಯನ್ನು ನೋಡಿ, ಅದಕ್ಕೆ ಹತ್ತಿರವಾಗಿ 90 ಮಿಲಿಮೀಟರು ಎಂದು ಬರೆದೆ. ಶಿರಸ್ತೇದಾರರು ರುಜು ಹಾಕಿದರು. ಅಲ್ಲಿಗೆ ಅದು ಸರ್ಕಾರದ ಸತ್ಯವಾಯಿತು.

ಇದರಿಂದ ಯಾರಿಗೆ ಏನಾಯಿತು? ಅಂದು ನಾನು ನನಗೇ ಹೇಳಿಕೊಂಡ ಸಮಾಧಾನ ಲೆಕ್ಕದ್ದು. ನೂರು ವರ್ಷಕ್ಕೆ ಮೂವತ್ತಾರು ಸಾವಿರದ ಐನೂರು ದಿನ. ಅಷ್ಟರ ಸರಾಸರಿಯಲ್ಲಿ ಒಂದು ಅಂಕಿ ಹತ್ತಿಪ್ಪತ್ತು ಹೆಚ್ಚುಕಡಿಮೆಯಾದರೆ ಸಮುದ್ರಕ್ಕೆ ಬಿದ್ದ ಹನಿಯಂತೆ ಇಲ್ಲವಾಗುತ್ತದೆ. ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಬಹುಕಾಲ ಆಗಲಿಲ್ಲ. ಅಬಿಸ್ಕೊದಲ್ಲಿ ಆ ತಪ್ಪು ಕಂಡಿತು.

ಅಲ್ಲಿನ ವಾರ್ಷಿಕ ಸರಾಸರಿ ಉಷ್ಣತೆ ಇಪ್ಪತ್ತನೆಯ ಶತಮಾನದ ಬಹುಭಾಗ ಸೊನ್ನೆಗೆ ಸ್ವಲ್ಪ ಕೆಳಗಿತ್ತು. ಈಚಿನ ದಶಕಗಳಲ್ಲಿ ಸೊನ್ನೆಯನ್ನು ದಾಟಿ ಮೇಲೆ ಬಂದಿದೆ. ಒಂದೆರಡು ಡಿಗ್ರಿ ಎಂದರೆ ನಮಗೆ ಶಾಲು ಹೊದೆಯಬೇಕೋ ಬೇಡವೋ ಎನ್ನುವಷ್ಟು ಅಂತರ. ಆದರೆ ನೀರಿಗೆ ಸೊನ್ನೆಯ ಆಚೆಗೂ ಈಚೆಗೂ ಬೇರೆ ಬೇರೆ ಜನ್ಮ. ಸಮೀಪದ ಸ್ಟೋರ್‌ಡಾಲೆನ್ ಜೌಗಿನಲ್ಲಿ ಬಹುಕಾಲದಿಂದ ಹೆಪ್ಪುಗಟ್ಟಿದ್ದ ನೆಲ ಕರಗಿ ಕುಸಿಯುತ್ತಿದೆ. ಅದರಿಂದ ಮೀಥೇನ್ ಅನಿಲ ಹೊರಡುತ್ತಿದೆ. ಚಳಿಗಾಲದಲ್ಲಿ ಮಳೆ ಬಿದ್ದು ಹಿಮದ ಮೇಲೆ ಮಂಜುಗಡ್ಡೆಯ ಪದರ ಕಟ್ಟಿದರೆ, ಸಾಮಿ ಜನರ ಹಿಮಸಾರಂಗಗಳಿಗೆ ಅಡಿಯಲ್ಲಿರುವ ಕಲ್ಲುಹೂವು ಸಿಗುವುದಿಲ್ಲ. ಇಷ್ಟು ಸಣ್ಣ ಬದಲಾವಣೆಯನ್ನು ಕಂಡುಕೊಳ್ಳಬೇಕಾದರೆ ಅಂಕಿಗಳು ನಂಬುವಂತಿರಬೇಕು. 1913ರಲ್ಲಿ ಬರೆದವನಿಗೆ ಇದಾವುದೂ ಗೊತ್ತಿರಲಿಲ್ಲ. ತನ್ನ ಅಂಕಿ ಯಾವ ಪ್ರಶ್ನೆಗೆ ಉತ್ತರವಾದೀತು ಎಂಬುದನ್ನು ತಿಳಿಯದೆಯೇ ಅವನು ಸರಿಯಾಗಿ ಬರೆದ.

ಆದರೂ ಒಂದು ಅಂಕಿ ಸರಾಸರಿಯಲ್ಲಿ ಕರಗಿಹೋಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ಕರಗುತ್ತದೆ, ಅದು ಯಾವುದೋ ಒಂದು ದಿನದ ಅಂಕಿಯಾಗಿದ್ದರೆ. ಆದರೆ ಮನುಷ್ಯ ಊಹಿಸಿ ಬರೆಯುವುದು ಯಾವುದೋ ಒಂದು ದಿನವಲ್ಲ. ಬಿಸಿಲಿದ್ದ ದಿನ ನಾನು ಮಳೆಮಾಪಕದ ಬಳಿಗೆ ಎಂದೂ ತಪ್ಪದೆ ಹೋದೆ. ತಪ್ಪಿಸಿಕೊಂಡದ್ದು ಆಕಾಶವೇ ಹರಿದು ಬಿದ್ದ ದಿನ. ಮುಂದೆ ಯಾರಾದರೂ ಸೇತುವೆ ಕಟ್ಟುವವನು, ಕೆರೆಯ ಕೋಡಿಯ ಎತ್ತರ ಗೊತ್ತುಮಾಡುವವನು, 'ಇಲ್ಲಿ ಒಂದು ದಿನದಲ್ಲಿ ಅತಿ ಹೆಚ್ಚೆಂದರೆ ಎಷ್ಟು ಮಳೆ ಬಿದ್ದೀತು?' ಎಂದು ಕೇಳಿದರೆ ಅವನಿಗೆ ಬೇಕಾದದ್ದು ಅದೇ ದಿನ. ಅಲ್ಲಿ ಅವನಿಗೆ ಸಿಗುವುದು ನನ್ನ 90. ಎಲ್ಲಿ ಸತ್ಯದ ಅಗತ್ಯ ಹೆಚ್ಚೋ ಅಲ್ಲಿಯೇ ಸುಳ್ಳಿಗೆ ಸೆಳೆತವೂ ಹೆಚ್ಚು. ಇದು ಮಳೆಯ ವಿಷಯಕ್ಕೆ ಮಾತ್ರ ಸಲ್ಲುವ ಮಾತಲ್ಲವೆಂದು ತೋರುತ್ತದೆ.

ಇನ್ನೊಂದು ಮಾತು. ನಾನು ಆ ದಿನ ಖಾಲಿ ಬಿಡಬಹುದಾಗಿತ್ತು. 'ನೋಡಲಾಗಲಿಲ್ಲ' ಎಂದು ಬರೆಯಬಹುದಾಗಿತ್ತು. ಶಿರಸ್ತೇದಾರರಿಂದ ಒಂದು ಮಾತು ಕೇಳಬೇಕಾಗುತ್ತಿತ್ತು, ಅಷ್ಟೆ. ಖಾಲಿ ಜಾಗವೂ ಒಂದು ನಿಜವನ್ನು ಹೇಳುತ್ತದೆ. ಮುಂದೆ ಓದುವವನು ಅಲ್ಲಿ ಎಚ್ಚರವಾಗುತ್ತಾನೆ. ತುಂಬಿದ ಸುಳ್ಳು ಅವನನ್ನು ಮಲಗಿಸುತ್ತದೆ. ಆತ ಇನ್ನೂ ಹುಟ್ಟಿರಲಿಕ್ಕಿಲ್ಲ. ನನ್ನನ್ನು ಪ್ರಶ್ನಿಸಲಾರ, ಬೈಯಲಾರ. ನನ್ನ ಅಕ್ಷರವನ್ನು ನಂಬುವುದೊಂದೇ ಅವನಿಗಿರುವ ದಾರಿ. ಕೇಳಲು ಬಾರದವನಿಗೆ ಮಾಡಿದ ಮೋಸವನ್ನು ಯಾರಿಗೂ ಮಾಡದ ಮೋಸವೆಂದು ನಾನು ತಿಳಿದದ್ದೇ ತಪ್ಪು.

ಬೆಂಗಳೂರಿಗೆ ಬಂದ ಮೇಲೆ, ಆ ಕಚೇರಿಗೆ ಒಂದು ಕಾಗದ ಬರೆದು ತಪ್ಪನ್ನು ತಿದ್ದಿಸೋಣವೆಂದು ಕುಳಿತೆ. ಎರಡು ಸಾಲು ಬರೆದು ಪೆನ್ನು ನಿಲ್ಲಿಸಬೇಕಾಯಿತು. ಅದು ಯಾವ ತಾರೀಖು ಎಂಬುದೇ ನನಗೆ ನೆನಪಿಲ್ಲ. ಇಂಥದೊಂದು ದಿನ ಎಂದು ಮತ್ತೆ ಊಹಿಸಿ ಬರೆಯಬಹುದು. ಆದರೆ ಒಂದು ಸಲ ಊಹಿಸಿ ಬರೆದದ್ದು ಸಾಕು. ತಾರೀಖಿನ ಜಾಗವನ್ನು ಖಾಲಿ ಬಿಟ್ಟು, ಉಳಿದದ್ದನ್ನು ಬರೆದು, ಕಾಗದವನ್ನು ಅಂಚೆಗೆ ಹಾಕಿದೆ.