ಉತ್ತರ ಬಾರದಿದ್ದರೆ ಶತ್ರುವೇ?

ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಹುಟ್ಟಿದ್ದು 1954ರಲ್ಲಿ. ಅಂದಿನಿಂದ ಎಷ್ಟೋ ಮನೆಗಳ ಒಲೆ ರೇಡಾರ್, ವೈರ್‌ಲೆಸ್ ಸೆಟ್ಟುಗಳ ಸಂಬಳದಿಂದ ಉರಿದಿದೆ. ಈಗ ಖಾಸಗಿ ಕಂಪನಿಗಳೂ ಈ ಕೆಲಸಕ್ಕೆ ಇಳಿದಿವೆ. ಎಲೆಕ್ಟ್ರಾನಿಕ್ಸ್ ಓದಿದ ಮಗನಿಗೆ ಅಂಥ ಕಡೆ ನೌಕರಿ ಸಿಕ್ಕರೆ ತಂದೆತಾಯಿ ದೇವಾಲಯಕ್ಕೆ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಆದರೆ ಮಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿರಬಹುದು. ಕೊಲ್ಲಬೇಡ ಎಂಬ ಐದನೆಯ ಆಜ್ಞೆಯನ್ನು ಕಲಿತವನು ಯುದ್ಧೋಪಕರಣಗಳನ್ನು ತಯಾರಿಸಬಹುದೇ?

ಧರ್ಮಸಭೆ ಇದನ್ನು ಕೂಡದು ಎಂದಿಲ್ಲ. ನಾವೇನು ಮಾಡಬೇಕೆಂದು ಸೈನಿಕರು ಕೇಳಿದಾಗ ಸ್ನಾನಿಕ ಯೊವಾನ್ನರು ಕೆಲಸ ಬಿಡಿ ಎನ್ನಲಿಲ್ಲ. ಸುಲಿಗೆ ಮಾಡಬೇಡಿ, ಸುಳ್ಳು ಆಪಾದನೆ ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದರು (ಲೂಕ 3:14). ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇಶರಕ್ಷಣೆಯ ಸೇವೆಯನ್ನು ಗೌರವಿಸಿತು. ಅದರ ಜೊತೆಗೇ, ಇಡೀ ನಗರಗಳನ್ನು ಜನರ ಸಮೇತ ನಾಶಮಾಡುವುದು ದೇವರಿಗೂ ಮನುಷ್ಯರಿಗೂ ಎದುರಾಗಿ ಎಸಗುವ ಅಪರಾಧವೆಂದು ಸಾರಿತು. ಅನುಮತಿ ಇದೆ, ಅದಕ್ಕೊಂದು ಬೇಲಿಯೂ ಇದೆ.

"ನಾನು ಬೋರ್ಡ್ ಮಾಡುವವನು, ಗುಂಡು ಹಾರಿಸುವವನು ಬೇರೆ" ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಒಂದು ಉಪಕರಣವನ್ನೇ ನೋಡೋಣ. ಮಿತ್ರರನ್ನೂ ಶತ್ರುಗಳನ್ನೂ ಗುರುತಿಸಲೆಂದು ಯುದ್ಧವಿಮಾನಗಳಲ್ಲಿ ಐಎಫ್‌ಎಫ್ ಎಂಬ ಪೆಟ್ಟಿಗೆಯನ್ನು ಇಟ್ಟಿರುತ್ತಾರೆ. ನೆಲದಿಂದ ಒಂದು ಸಂಕೇತ ಹೋಗಿ 'ನೀನು ಯಾರು?' ಎಂದು ಕೇಳುತ್ತದೆ. ನಮ್ಮ ವಿಮಾನವಾದರೆ ಪೆಟ್ಟಿಗೆ ಸರಿಯಾದ ಗುಪ್ತ ಉತ್ತರ ಕೊಡುತ್ತದೆ. ಹೆಸರಿನಲ್ಲಿ ಶತ್ರುವಿದ್ದರೂ ಈ ಯಂತ್ರಕ್ಕೆ ಶತ್ರು ಯಾರೆಂದು ತಿಳಿಯದು. ಉತ್ತರ ಬಂದರೆ ಮಿತ್ರ. ಬಾರದಿದ್ದರೆ 'ಗೊತ್ತಿಲ್ಲ', ಅಷ್ಟೆ. ಅದನ್ನು ಶತ್ರು ಎಂದು ಓದುವವನು ಮನುಷ್ಯ.

ಇರಾಕ್ ಯುದ್ಧದ ಸಮಯದಲ್ಲಿ, 2003ರ ಮಾರ್ಚ್ 23ರಂದು, ಬ್ರಿಟನ್ನಿನ ಟೊರ್ನಾಡೊ ವಿಮಾನವೊಂದನ್ನು ಅದರ ಮಿತ್ರದೇಶವಾದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯೇ ಉರುಳಿಸಿತು. ಇಬ್ಬರು ವೈಮಾನಿಕರು ಸತ್ತರು. ಕಾರಣಗಳು ಹಲವಿದ್ದವು, ವಿಮಾನದ ಐಎಫ್‌ಎಫ್ ಕೆಟ್ಟಿದ್ದುದೂ ಅವುಗಳಲ್ಲಿ ಒಂದೆಂದು ತನಿಖೆ ಹೇಳಿತು.

ನಮ್ಮ ಸೇನೆಗೆ ಹೋಗುವ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಜೆಎಸ್‌ಎಸ್ 55555 ಎಂಬ ಮಾನದಂಡವಿದೆ. ಬಿಸಿ, ಚಳಿ, ತೇವ, ಕುಲುಕಾಟ ಎಲ್ಲದರಲ್ಲೂ ಪರೀಕ್ಷೆ ಆಗಬೇಕು. ಚಳಿಯ ಪರೀಕ್ಷೆಯಲ್ಲಿ ಒಮ್ಮೆ ಕೈಕೊಟ್ಟ ಬೋರ್ಡ್ ಎರಡನೆಯ ಸಲ ಸರಿಯಾಗಿ ನಡೆಯಿತೆನ್ನಿ. ಮಾರ್ಚ್ ತಿಂಗಳ ಕೊನೆಯ ವಾರ, ಸರಕು ಹೊರಡಲೇಬೇಕು. ಮೊದಲ ಸಲ ಕೆಟ್ಟದ್ದನ್ನು ವರದಿಯಲ್ಲಿ ಬರೆಯುವುದೋ ಬಿಡುವುದೋ? ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ಆಜ್ಞೆ ಇಲ್ಲಿ ಐದನೆಯದರೊಡನೆ ಬಂದು ಕೂಡುತ್ತದೆ. ಇದನ್ನು ಹೇಳಲು ದೈವಶಾಸ್ತ್ರ ಓದಿರಬೇಕಿಲ್ಲ.

ಎಷ್ಟೇ ಪ್ರಾಮಾಣಿಕವಾಗಿ ಪರೀಕ್ಷಿಸಿದರೂ ಸರಿಯಾಗದ ಕೆಲಸಗಳೂ ಇವೆ. 'ಗೊತ್ತಿಲ್ಲ' ಎಂಬುದನ್ನು 'ಶತ್ರು' ಎಂದು ಓದಿ ಹೊಡೆಯುವ ತೀರ್ಮಾನವನ್ನೂ ಯಂತ್ರಕ್ಕೇ ಒಪ್ಪಿಸುವ ಕಾಲ ಬಂದಿದೆ. ಯಾವ ಯಂತ್ರವೂ ಮನುಷ್ಯನ ಪ್ರಾಣ ತೆಗೆಯುವ ಆಯ್ಕೆ ಮಾಡಬಾರದೆಂದು ಜಗದ್ಗುರು ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಜಿ-7 ನಾಯಕರ ಮುಂದೆಯೇ ಹೇಳಿದರು. ಅಂಥ ಕೆಲಸ ಮೇಜಿನ ಮೇಲೆ ಬಂದರೆ ಬೇರೆ ವಿಭಾಗ ಕೇಳಬಹುದು. ಕೇಳಿದವನಿಗೆ ಬಡ್ತಿ ತಪ್ಪಬಹುದು, ಕೆಲಸವೇ ಹೋಗಬಹುದು. ಇದನ್ನು ಹಗುರವಾಗಿ ಹೇಳುವ ಹಕ್ಕು ಹೊರಗಿನವರಿಗಿಲ್ಲ.

ಇಂಥವರು ಮನೆಯಲ್ಲಿ ಬಾಯಿಬಿಡುವಂತಿಲ್ಲ, ಗೌಪ್ಯತೆಯ ಕಾನೂನಿದೆ. ಆದರೆ "ಈ ಕೆಲಸ ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ" ಎನ್ನಲು ಯಾವ ಕಾನೂನೂ ಅಡ್ಡಬರದು. ಪಾಪನಿವೇದನೆಯಲ್ಲೂ ಗುರುಗಳು ರೇಡಾರಿನ ನಕ್ಷೆ ಕೇಳುವುದಿಲ್ಲ! ಮನೆಸಾಲದ ಕಂತು ಇನ್ನೂ ಹತ್ತು ವರ್ಷ ಇದ್ದಾಗ ಈ ಮಾತನ್ನು ಆಡುವುದು ಅವನಿಗೆ ಕಷ್ಟ, ಕೇಳುವುದು ಮಡದಿಗೆ ಇನ್ನೂ ಕಷ್ಟ. ಊಟ ಮುಗಿದ ಮೇಲೆ, ಮಕ್ಕಳು ಮಲಗಿದ ಮೇಲೆ, ಅವಳೇ ಮೊದಲು ಕೇಳಿದರೆ ಅವನಿಗೆ ಹೇಳಲು ಸ್ವಲ್ಪ ಸುಲಭವಾದೀತು.